ಅದಿರಿದೆ, ಅಗೆದವರೆಲ್ಲಿ?

ನವೆಂಬರ್ ಒಂದರ ಬೆಳಿಗ್ಗೆ ಮರಿಯಮ್ಮನಹಳ್ಳಿಯಲ್ಲಿ ಯಾವ ಶಾಲೆಯ ಮುಂದೆ ಹಾದುಹೋದರೂ ‘ನಿತ್ಯೋತ್ಸವ’ ಕಿವಿಗೆ ಬೀಳುತ್ತದೆ. ಉರ್ದು ಶಾಲೆಯಲ್ಲಿ ಇಕ್ಬಾಲರ ತರಾನಾ ಹಾಡಿ, ಮುಂದೆ ಕನ್ನಡ ಹೈಸ್ಕೂಲು ಸೇರಿದ ನಮಗೆ ಈ ಹಾಡು ಸಿಕ್ಕಾಗ ಆದ ಖುಷಿಗೆ ಒಂದು ಗುಟ್ಟಿನ ಕಾರಣವೂ ಇತ್ತು. ಬರೆದವರು ನಿಸಾರ್ ಅಹಮದ್. ‘ನಮ್ಮವರು’ ಎಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಒಂದು ಹೆಸರು ಸಿಕ್ಕಿತ್ತು. ಆ ಹೆಮ್ಮೆಯೇ ಬಹಳ ಕಾಲ ಅಡ್ಡ ನಿಂತಿತೆಂದು ಈಗ ಅನಿಸುತ್ತದೆ. ನಾವು ಅದನ್ನು ಹಾಡಿದೆವು, ಓದಲಿಲ್ಲ.

ಓದಿದರೆ ಏನು ಕಾಣುತ್ತದೆ? ಜೋಗ, ತುಂಗೆ, ತೇಗ-ಗಂಧದ ಕಾಡು. ಆಮೇಲೆ ಸಿಂಹಾಸನ, ಶಾಸನ, ಓಲೆಗರಿ, ದೇಗುಲದ ಗೋಡೆ. ಕೊನೆಗೆ ಕುಲ ಕೇಳದ, ಮತ್ಸರವಿಲ್ಲದ ಮನಸ್ಸು. ಸಹ್ಯಾದ್ರಿಯ ಅದಿರೂ ಇದೆ! ಭಾವಗೀತೆಯೊಳಗೆ ಅದಿರು ತರುವುದು ಭೂವಿಜ್ಞಾನದ ಅಧ್ಯಾಪಕರಿಗೇ ಹೊಳೆಯುವ ಮಾತು. ನಿಸಾರರು ಆ ವಿಷಯವನ್ನೇ ಪಾಠ ಮಾಡಿದವರು. ಆದರೆ ಅದಿರು ಅಗೆದವನು ಕವಿತೆಯಲ್ಲಿಲ್ಲ. ಶಾಸನವಿದೆ, ಕಲ್ಲು ಕಡಿದವನಿಲ್ಲ.

ಬೇರೆ ಊರಿನವರಿಗೆ ಇದು ತಕರಾರು ತೆಗೆದಂತೆ ಕಾಣಬಹುದು. ಸಂಡೂರಿನ ಗುಡ್ಡಗಳ ಪಕ್ಕದಲ್ಲಿ ಬದುಕುವವರಿಗೆ ಹಾಗಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವವರೆಗೆ ಹೆದ್ದಾರಿಯ ಮೇಲೆ ಅದಿರು ಲಾರಿಗಳ ಸಾಲು ತಪ್ಪುತ್ತಿರಲಿಲ್ಲ. ಕೆಂಪು ಧೂಳು ಅನ್ನದ ತಟ್ಟೆಗೂ ಬೀಳುತ್ತಿತ್ತು. ಯಾರ ಸಂಪತ್ತು ಎಂಬ ಚರ್ಚೆ ಲೋಕಾಯುಕ್ತ ವರದಿಯವರೆಗೆ ಹೋಯಿತು. ಬುಟ್ಟಿ ಹೊತ್ತ ಹೆಂಗಸಿನ, ಲಾರಿ ಕ್ಲೀನರ್ ಹುಡುಗನ ಕೈ ಯಾವ ನಾಡಗೀತೆಯಲ್ಲಿದೆ?

ಅಮೆರಿಕದ ವಾಲ್ಟ್ ವಿಟ್ಮನ್ 1860ರಲ್ಲೇ ತನ್ನ ನಾಡನ್ನು ದುಡಿಯುವವರ ದನಿಯಲ್ಲಿ ಕೇಳಿದ. ಬಡಗಿ, ಗಾರೆಯವನು, ದೋಣಿಯವನು, ಚಮ್ಮಾರ, ಬಟ್ಟೆ ಒಗೆಯುವ ಹುಡುಗಿ, ಎಲ್ಲರೂ ಆ ಕವಿತೆಯಲ್ಲಿ ತಮ್ಮ ತಮ್ಮ ಹಾಡು ಹಾಡುತ್ತಾರೆ. ದೇಶವೆಂದರೆ ಬೆಟ್ಟ-ಹೊಳೆಯಲ್ಲ, ಕೆಲಸ ಎಂದ ಧೈರ್ಯ ದೊಡ್ಡದು. ಆದರೆ ಅದೇ ವರ್ಷ ಆ ದೇಶದಲ್ಲಿ ಸುಮಾರು ನಲವತ್ತು ಲಕ್ಷ ಕರಿಯರು ಗುಲಾಮರಾಗಿದ್ದರು. ಹಾಡುವವರ ಪಟ್ಟಿಯಲ್ಲಿ ಗುಲಾಮನೊಬ್ಬನೂ ಇಲ್ಲ. ಆ ತೆರವಿಗೆ ಉತ್ತರ ಬರಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1926ರ ಸಂಕಲನದಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್, ಅತಿಥಿಗಳು ಬಂದಾಗ ಅಡುಗೆಮನೆಗೆ ಅಟ್ಟಿಸಿಕೊಂಡ ಕರಿಯನ ಬಾಯಲ್ಲಿ ತಾನೂ ಅಮೆರಿಕವೇ ಎನ್ನಿಸಿದ. ನಾಳೆ ಮೇಜಿನ ಮುಂದೆ ಕೂರುತ್ತೇನೆ ಎಂಬ ಆ ನಂಬಿಕೆ ಬೇಡಿಕೆಯಲ್ಲ, ಹಕ್ಕು.

ಕನ್ನಡದಲ್ಲಿ ಆ ಹಕ್ಕಿನ ದನಿ ಸಿದ್ಧಲಿಂಗಯ್ಯನವರದು. 1975ರ ‘ಹೊಲೆಮಾದಿಗರ ಹಾಡು’ ಸಂಕಲನದಲ್ಲಿ ಕಲ್ಲು ಹೊತ್ತವರು ಬಂದರು, ಚಿನ್ನ ಅಗೆದೂ ಹಸಿದವರು ಬಂದರು. ನಿಸಾರರ ಹಾಡಿನ ಅದಿರಿಗೆ ಅಗೆದವನು ಸಿಕ್ಕಿದ್ದು ಇಲ್ಲಿ ಎಂದು ನಾವು ಓದಿಕೊಳ್ಳುತ್ತೇವೆ.

ಹಾಗೆಂದು ನಿಸಾರರನ್ನು ಬರೀ ಉತ್ಸವದ ಕವಿ ಎಂದು ತಳ್ಳಿಹಾಕುವ ನವ್ಯದ ಬುದ್ಧಿವಂತರ ಜೊತೆ ನಾವಿಲ್ಲ. ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಬರೆದದ್ದೂ ಅದೇ ಕೈ. ಮೇಲೆ ನೀರೆರೆಯುತ್ತ ಒಳಗೆ ಬೇರು ಕತ್ತರಿಸುವ ನಂಟು, ಸದಾ ಅನುಮಾನದ ಕಣ್ಣಿನಡಿ ಬದುಕುವ ದಣಿವು ಅದರಲ್ಲಿದೆ. ಉತ್ಸವದ ಹಾಡು ಬರೆದವನಿಗೆ ಆ ಉತ್ಸವದಲ್ಲಿ ತನ್ನ ಜಾಗ ಎಲ್ಲಿ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹಾಡು ಬರೆದ. ‘ನಿತ್ಯೋತ್ಸವ’ದ ಭರವಸೆಗೆ ತೂಕ ಬರುವುದು ಈ ಇನ್ನೊಂದು ಕವಿತೆಯನ್ನು ಪಕ್ಕದಲ್ಲಿಟ್ಟಾಗ, ಕೊನೆಯಲ್ಲಿ ಬರುವ ನಿರ್ಮತ್ಸರ ಮನಸ್ಸು ಆಗ ವರ್ಣನೆಯಾಗಿ ಉಳಿಯದೆ ನೆರೆಯವರ ಮುಂದಿಟ್ಟ ಕೇಳಿಕೆಯಾಗುತ್ತದೆ. ಒಂದನ್ನಷ್ಟೇ ಹಾಡಿದವರಲ್ಲಿ ನೆರೆಯವರ ಜೊತೆ ನಾವೂ ಇದ್ದೇವೆ.

2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ನಿಸಾರರು ಅಧ್ಯಕ್ಷರಾದರು, 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಹಾಡು ಈಗಲೂ ಪ್ರತಿ ರಾಜ್ಯೋತ್ಸವಕ್ಕೆ ನಮ್ಮೂರಿನಲ್ಲಿ ಮೊಳಗುತ್ತದೆ. ಆ ಇನ್ನೊಂದು ಕವಿತೆಯನ್ನು ಯಾವ ಧ್ವನಿವರ್ಧಕದಲ್ಲೂ ನಾವು ಕೇಳಿಲ್ಲ. ಪರಿಚಯದ ಮೇಷ್ಟ್ರೊಬ್ಬರನ್ನು ವಿಚಾರಿಸಿದೆವು. ‘ಅದಕ್ಕೆ ರಾಗ ಕೂಡೋದಿಲ್ರೀ’ ಎಂದರು.