ಹಿಂದೆ ಕೂತವರು ಮಸುಕಾಗದಿರಲಿ

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ, ವಿಜಯಪುರ, ಬೀದರ ಸೀಮೆಯ ರೈತರು ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಮನೆಮಂದಿಯೊಂದಿಗೆ ಹೊಲಕ್ಕೆ ಹೋಗುತ್ತಾರೆ. ಬೆಳೆಯ ನಡುವೆ ಚರಗ (ಭೂಮಿತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲಿ, ಬನ್ನಿಯದೋ ಬೇವಿನದೋ ನೆರಳಲ್ಲಿ ಕೂತು ಉಣ್ಣುತ್ತಾರೆ. ಮೂರು ನಾಲ್ಕು ತಲೆಮಾರು ಬಯಲಲ್ಲಿ ಹೀಗೆ ತಮ್ಮ ಪಾಡಿಗೆ ತಾವಿರುವ ದಿನ ವರ್ಷದಲ್ಲಿ ಹೆಚ್ಚಿಲ್ಲ. ಅಂಥ ದಿನವನ್ನು ಇಂದಿನ ಕ್ಯಾಂಡಿಡ್ ಛಾಯಾಗ್ರಾಹಕರು ಬಹುಪಾಲು 85 ಎಂಎಂ ಲೆನ್ಸು, ಎಫ್/1.8 ಅಪರ್ಚರ್‌ನಲ್ಲಿ ತೆಗೆಯುತ್ತಾರೆ. ಅಜ್ಜಿಯ ಮುಖ ಒಂದೇ ಸ್ಪಷ್ಟ, ಉಳಿದದ್ದೆಲ್ಲ ಬೆಣ್ಣೆ ಸವರಿದಂತೆ. ಆ ಮಸುಕಿನೊಳಗೆ ಸೊಸೆ ಬಡಿಸುತ್ತಿದ್ದಾಳೆ, ಮರಿಮೊಮ್ಮಗ ರೊಟ್ಟಿಗೆ ಕೈ ಚಾಚಿದ್ದಾನೆ. ಹಿನ್ನೆಲೆ ಎಂದುಕೊಂಡು ಅಳಿಸಿದ್ದು ಕುಟುಂಬವನ್ನೇ.

ಒಬ್ಬರ ಭಾವಚಿತ್ರಕ್ಕೆ ಈ ಮಸುಕು ಒಪ್ಪುತ್ತದೆ. ತಲೆಮಾರುಗಳ ಚಿತ್ರದಲ್ಲಿ ನೋಡಬೇಕಾದದ್ದು ಯಾರು ಯಾರ ಮಗ್ಗುಲಿಗೆ ಕೂತಿದ್ದಾರೆ, ಯಾರ ತಾಟಿನಿಂದ ಯಾರು ತುತ್ತೆತ್ತುತ್ತಾರೆ, ಅಜ್ಜನ ಮಾತಿಗೆ ದೂರದಲ್ಲಿ ನಗುತ್ತಿರುವವಳು ಯಾರು ಎಂಬುದನ್ನು. ಅದಕ್ಕೆ ಎರಡು ತುದಿಯೂ ಕಾಣಬೇಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸನ್ನು ಎಫ್/8ರಲ್ಲಿಟ್ಟು 3 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಇಡೀ ಪಂಕ್ತಿ ಅದರೊಳಗೆ ಹಿಡಿಸುತ್ತದೆ. ಮತ್ತೆ ಮತ್ತೆ ಫೋಕಸ್ ಹುಡುಕಬೇಕಿಲ್ಲವಾದ್ದರಿಂದ ಕಣ್ಣು ಜನರ ಮೇಲೇ ಇರುತ್ತದೆ. ಬೆಳಕಿನದೇ ದೊಡ್ಡ ಕಷ್ಟ. ಎರೆಮಣ್ಣು ಬೆಳಕನ್ನು ನುಂಗುತ್ತದೆ, ಕೆಳಗಿನಿಂದ ತಿರುಗಿ ಬರುವುದು ಅಲ್ಪ, ಕಣ್ಣುಗುಳಿಗಳು ಕಪ್ಪಾಗುತ್ತವೆ. ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆಯೊಂದು ಅಜ್ಜನ ಬಿಳಿ ರುಮಾಲಿನ ಮೇಲೆ ಬಿದ್ದರೆ ಅದರ ಮಡಿಕೆಗಳೆಲ್ಲ ಸುಟ್ಟು ಹೋಗುತ್ತವೆ. ಆದರೆ ಚಳಿಗಾಲದ ಸೂರ್ಯ ಆ ಸೀಮೆಯಲ್ಲಿ ನಡುಮಧ್ಯಾಹ್ನವೂ ಸುಮಾರು 50 ಡಿಗ್ರಿ ಎತ್ತರದಲ್ಲೇ ಇರುವುದರಿಂದ ಬೆಳಕು ಓರೆಯಾಗಿ ಬೀಳುತ್ತದೆ. ಛಾಯಾಗ್ರಾಹಕ ನಾಲ್ಕು ಹೆಜ್ಜೆ ಸರಿದರೆ ಸಾಕು, ಕೂತವರನ್ನು ಎಬ್ಬಿಸಬೇಕಿಲ್ಲ.

ಎಲ್ಲವೂ ಸ್ಪಷ್ಟವಾದರೆ ಚಿತ್ರ ಗಜಿಬಿಜಿಯಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಗಜಿಬಿಜಿಗೆ ಮದ್ದು ಕಾಯುವುದು: ಒಂದು ತಲೆ ಇನ್ನೊಂದರ ಹಿಂದಿನಿಂದ ಬಿಡಿಸಿಕೊಳ್ಳುವವರೆಗೆ, ಕೈಗಳು ಬೇರೆಬೇರೆಯಾಗಿ ಕಾಣುವವರೆಗೆ. ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ 1938ರಲ್ಲಿ ನೀರಿನ ದಂಡೆಯಲ್ಲಿ ತೆಗೆದ ಭಾನುವಾರದ ಊಟದ ಚಿತ್ರ ನೋಡಿ. ಕೂತವರ ಬೆನ್ನುಗಳೇ ಹೆಚ್ಚು, ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಆದರೂ ಹುಲ್ಲಿನ ಮೇಲಿನ ತಟ್ಟೆಯಿಂದ ನೀರಿನ ದೋಣಿಯವರೆಗೆ ಎಲ್ಲವನ್ನೂ ಓದಬಹುದು. ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರದ ಪರ ವಾದಿಸುವವರಿಗೆ ಅಮೆರಿಕದ ಛಾಯಾಗ್ರಾಹಕ ನಿಕೋಲಸ್ ನಿಕ್ಸನ್ ಅವರ ‘ಬ್ರೌನ್ ಸಿಸ್ಟರ್ಸ್’ ಸರಣಿ ಇದೆ. 1975ರಿಂದ ದಶಕಗಳ ಕಾಲ ವರ್ಷಕ್ಕೊಂದರಂತೆ ಹೆಂಡತಿಯನ್ನೂ ಆಕೆಯ ಮೂವರು ಸೋದರಿಯರನ್ನೂ ಅದೇ ಕ್ರಮದಲ್ಲಿ ನಿಲ್ಲಿಸಿ ತೆಗೆದ ಅಪೂರ್ವ ಕೆಲಸ ಅದು. ಆದರೆ ಆ ನಾಲ್ವರೂ ಒಂದೇ ತಲೆಮಾರಿನವರು. ಅಲ್ಲಿ ವಯಸ್ಸು ಚಿತ್ರದಿಂದ ಚಿತ್ರಕ್ಕೆ ಕಾಣುತ್ತದೆ. ಹೊಲದ ಪಂಕ್ತಿಯಲ್ಲಿ ಎಂಬತ್ತು ವರ್ಷ ಒಂದೇ ಚೌಕಟ್ಟಿನಲ್ಲಿ ಕೂತಿರುತ್ತದೆ. ಗುಂಪು ಫೋಟೊವನ್ನೂ ಒಂದು ತೆಗೆಯಿರಿ, ಯಾರ ಮುಖವೂ ತಪ್ಪದಿರಲು ಅದು ಬೇಕು.

ಇನ್ನೊಂದು ಆಕ್ಷೇಪಕ್ಕೆ ನನಗೆ ಹೆಚ್ಚು ಗೌರವವಿದೆ. ಉಣ್ಣುವವರನ್ನು, ಮಗುವಿಗೆ ಹಾಲೂಡುವವಳನ್ನು, ಸೆರಗು ಸರಿಪಡಿಸಿಕೊಳ್ಳುವವಳನ್ನು ಹೇಳದೆ ಕೇಳದೆ ತೆಗೆಯುವುದು ಕಳ್ಳತನ ಎನ್ನುತ್ತಾರೆ. ದೂರದ ಮರದ ಮರೆಯಿಂದ 200 ಎಂಎಂ ಲೆನ್ಸಿನಲ್ಲಿ ತೆಗೆದರೆ ಅದು ಕಳ್ಳತನವೇ. ಮೂರು ಮೀಟರಿನ ಅಂತರದಲ್ಲಿ ಅಡಗಲು ಜಾಗವಿಲ್ಲ. ಅಲ್ಲಿ ಮೊದಲೇ ಕೇಳಬೇಕು, ಅವರೊಂದಿಗೆ ಕೂಡಬೇಕು, ಕೈಗೆ ಬಂದ ರೊಟ್ಟಿ ತಿನ್ನಬೇಕು. ಸ್ವಲ್ಪ ಹೊತ್ತಿಗೆ ಕ್ಯಾಮೆರಾದ ಕಡೆ ಯಾರ ಗಮನವೂ ಇರುವುದಿಲ್ಲ. ತೆಗೆದದ್ದನ್ನು ತೋರಿಸಿ, ಬೇಡವೆಂದದ್ದನ್ನು ಅವರೆದುರೇ ಅಳಿಸಬೇಕು.

ಇದಕ್ಕೆಲ್ಲ ದುಬಾರಿ ಕ್ಯಾಮೆರಾ ಬೇಕೆಂದೇನೂ ಇಲ್ಲ. ಮೊಬೈಲಿನ ಸೆನ್ಸರ್ ಚಿಕ್ಕದಾದ್ದರಿಂದ ಹತ್ತಿರದವರೂ ದೂರದವರೂ ತಾನಾಗಿಯೇ ಸ್ಪಷ್ಟವಾಗಿ ಬರುತ್ತಾರೆ. ಪೋರ್ಟ್ರೇಟ್ ಮೋಡ್ ಒತ್ತಿದೊಡನೆ ಸಾಫ್ಟ್‌ವೇರ್ ಅವರನ್ನು ಅಳಿಸತೊಡಗುತ್ತದೆ. ಈ ಸಲ ಚರಗಕ್ಕೆ ಹೋದಾಗ ಅದನ್ನು ಆಫ್ ಮಾಡಿಡಿ.