ಅವ್ವನ ಹಾಡು, ನನ್ನ ಬೆರಳು

ಬೀಸುಕಲ್ಲಿನ ಮುಂದೆ ಕೂತು ಅವ್ವ ಹಾಡಿದ ಹನ್ನೊಂದು ಪದಗಳನ್ನು ಚಿಂಚೋಳಿಯ ತವರುಮನೆಯಲ್ಲಿ ಫೋನಿನಲ್ಲಿ ಹಿಡಿದಿಟ್ಟಿದ್ದೆ. ಮರುವರ್ಷ ಅವ್ವ ಹೋದಳು. ಸೇಡಂಗೆ ಮರಳಿದ ಮೇಲೊಂದು ಮಧ್ಯಾಹ್ನ, ಫೋನು ತುಂಬಿತೆಂದು, ಕಂಪ್ಯೂಟರಿನಲ್ಲಿ ಹೇಗೂ ಇನ್ನೊಂದು ಪ್ರತಿ ಇದೆಯಲ್ಲ ಎಂಬ ಧೈರ್ಯದಲ್ಲಿ ಅವನ್ನು ಅಳಿಸಿದೆ. ಎರಡು ತಿಂಗಳ ಮೇಲೆ ನೋಡುತ್ತೇನೆ, ಕಂಪ್ಯೂಟರಿನಲ್ಲೂ ಇಲ್ಲ! ಕಸದಬುಟ್ಟಿಯ ಗಡುವೂ ಮುಗಿದಿತ್ತು. ಮಗ ಹಾಕಿಕೊಟ್ಟಿದ್ದ ಆ ತಂತ್ರಾಂಶದ ಹೆಸರು ಬೇಡ. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿತ್ತು. ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸುವುದೇ ‘ಸಿಂಕ್’ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಿಂದೊಮ್ಮೆ ಶಹಾಬಾದಿನ ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಮೂರು ಪದ ಮಾತ್ರ ಉಳಿದವು.

ಅಂದಿನಿಂದ ಇಂಥ ಸಾಧನ ಆರಿಸುವಾಗ, ‘ಪುಕ್ಕಟೆ ಜಾಗ ಎಷ್ಟು?’ ಎಂಬುದು ನನಗೆ ಎರಡನೆಯ ಪ್ರಶ್ನೆ. ಮೊದಲನೆಯದು, ‘ನಾನು ತಪ್ಪು ಮಾಡಿದರೆ ನೀನೇನು ಮಾಡುತ್ತೀ?’

ಗೂಗಲ್ ಡ್ರೈವ್ 15 ಜಿಬಿ ಕೊಡುತ್ತದೆ, ನಿಜ. ಆದರೆ ಮೇಲ್, ಫೋಟೊ ಎಲ್ಲವೂ ಅದರಲ್ಲೇ. ಕೂಡುಕುಟುಂಬದ ಒಂದೇ ಕಪಾಟು ಅನ್ನಿ. ಡ್ರಾಪ್‌ಬಾಕ್ಸ್ ಬಳಸಲು ನಯ, ಆದರೆ ಪುಕ್ಕಟೆ 2 ಜಿಬಿ. 2019ರಿಂದ ಮೂರೇ ಸಾಧನ. ಪುಕ್ಕಟೆ ಬಳಸುವವರು ಅಳಿಸಿದ್ದನ್ನು ಇಬ್ಬರೂ 30 ದಿನ ಕಾಯುತ್ತಾರೆ. ನನ್ನಂಥವಳಿಗೆ ತಪ್ಪು ತಿಳಿಯಲಿಕ್ಕೇ ಅರವತ್ತು ದಿನ ಬೇಕು.

ನಾನೀಗ ಒಲಿದಿರುವುದು 2013ರಲ್ಲಿ ಹೊರಬಂದ ಸಿಂಕ್‌ಥಿಂಗ್‌ಗೆ. ನಮ್ಮ ಕಡತ ಯಾವ ಕಂಪನಿಯ ಉಗ್ರಾಣಕ್ಕೂ ಹೋಗುವುದಿಲ್ಲ, ಫೋನಿನಿಂದ ನೇರ ಕಂಪ್ಯೂಟರಿಗೆ ಬರುತ್ತದೆ. ಅಳಿದ ಪ್ರತಿಗಳನ್ನು ಎಷ್ಟು ಕಾಲ ಇಡಬೇಕೆಂದು ನಾವೇ ಹೇಳಬಹುದು. ಆ ಏರ್ಪಾಡನ್ನು ಕಂಪ್ಯೂಟರಿನ ಕಡೆ ಆನ್ ಮಾಡಿದ್ದೀರಾ ಎಂದು ಮಾತ್ರ ಕಣ್ಣಾರೆ ನೋಡಿಕೊಳ್ಳಿ. ಹುಳುಕುಗಳೂ ಇವೆ. ಎರಡೂ ಯಂತ್ರ ಒಟ್ಟಿಗೆ ಎಚ್ಚರವಿರಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಅದೂ ಕೈಕಟ್ಟಿ ಕೂರುತ್ತದೆ. ಸಾಧನದ ಗುರುತು 56 ಅಕ್ಷರದ್ದು, ನೋಡಿ ಗಾಬರಿಯಾಗಿದ್ದೆ. ಕ್ಯೂಆರ್ ಚಿತ್ರ ತೋರಿಸಿದರೆ ಸಾಕೆಂದು ಆಮೇಲೆ ತಿಳಿಯಿತು. 2024ರ ಡಿಸೆಂಬರಿನಲ್ಲಿ ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ ನಿಂತೇಹೋಯಿತು. ಬೇರೆಯವರು ಮುಂದುವರಿಸಿದ ರೂಪವನ್ನು ನಂಬಿಕೊಂಡಿದ್ದೇನೆ. ಇದು ಸಣ್ಣ ಚಿಂತೆಯಲ್ಲ.

ನಮ್ಮ ಪಕ್ಕದ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನದ ಚಪ್ಪಡಿಯನ್ನು ಯಾರೋ ಕಾಳಿಯ ವಿಗ್ರಹದ ಪೀಠಕ್ಕೆ ಹಾಕಿಬಿಟ್ಟಿದ್ದರು. 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗ ಅದು ಕಂಡಿತು. ಅದರ ಮಾತುಗಳು ದೂರದ ಒಡಿಶಾದ ಧೌಲಿ, ಜೌಗಡದ ಬಂಡೆಗಳ ಮೇಲೂ ಇವೆ. ಇಲ್ಲಿಯ ಕಲ್ಲಿಗೆ ಏನಾಯಿತೆಂದು ಅಲ್ಲಿಯ ಕಲ್ಲಿಗೆ ಗೊತ್ತಿಲ್ಲ. ಅಶೋಕ ಸಿಂಕ್ ಮಾಡಿರಲಿಲ್ಲ ನೋಡಿ, ಪ್ರತಿ ಮಾಡಿಸಿದ್ದ.

ಹಾಗೆಂದೇ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗುವಾಗಲೆಲ್ಲ ಚೀಲದಲ್ಲಿ ಪೆನ್‌ಡ್ರೈವ್ ಇರುತ್ತದೆ. ಅದು ಯಾವುದಕ್ಕೂ ಸಿಂಕ್ ಆಗುವುದಿಲ್ಲ. ತಂಗಿಯ ಟ್ರಂಕಿನಲ್ಲಿ ಸುಮ್ಮನೆ ಇರುತ್ತದೆ. ಮೂರನೆಯ ಪದದ ಕೊನೆಗೆ ಅವ್ವ, “ಸಾಕವ್ವ, ಬಂದ್ ಮಾಡು ಅದನ್ನ” ಅಂತಾಳೆ. ಅದನ್ನು ಕತ್ತರಿಸಬಾರದೆಂದು ತಂಗಿಯ ಅಪ್ಪಣೆಯಾಗಿದೆ.