ಲೆಕ್ಕ ಕೇಳದ ಪತ್ರ

ಬೆಂಗಳೂರು ಸೀಮೆಯಲ್ಲಿ ಅದು ಜಿಪಿಎ. ಧಾರವಾಡ, ಬೆಳಗಾವಿಯ ಕಡೆ ವಟಮುಖತ್ಯಾರ ಪತ್ರ. ಹಳೆಯ ದಸ್ತಾವೇಜುಗಳಲ್ಲಿ ಮುಖ್ತ್ಯಾರ್‌ನಾಮೆ. ಹೆಸರು ಊರಿಗೊಂದಾದರೂ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಹಣಕಾಸು, ಆಸ್ತಿ, ಕೋರ್ಟು ಕಚೇರಿಯ ಕೆಲಸಗಳನ್ನು ನಮ್ಮ ಪರವಾಗಿ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಈ ಪತ್ರಕ್ಕೆ ಎಷ್ಟೋ ಮಂದಿ ಓದದೆಯೇ ಸಹಿ ಹಾಕುತ್ತಾರೆ. ಒಳ್ಳೆಯ ಕಥೆಯೊಂದನ್ನು ಓದುವಷ್ಟೇ ಎಚ್ಚರದಿಂದ ಇದನ್ನೂ ಓದಬೇಕು. ಒಂದು ಸಂಸಾರದ ಮನೆ, ಜಮೀನು, ಉಳಿತಾಯ ಎಲ್ಲವೂ ಇದರ ಎರಡು ಮೂರು ಪುಟಗಳ ಮೇಲೆ ನಿಂತಿರುತ್ತವೆ.

ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಇರುವ ಮಾದರಿ ಹೀಗೆ ಸಾಗುತ್ತದೆ. ನನಗೆ ವಯಸ್ಸಾಗಿದೆ, ಓಡಾಡಲು ಆಗುತ್ತಿಲ್ಲ ಎಂಬ ಕಾರಣ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆಮೇಲೆ ಅಧಿಕಾರಗಳ ಪಟ್ಟಿ: ಕಂದಾಯ ಕಟ್ಟುವುದು, ಖಾತೆ ಬದಲಾಯಿಸುವುದು, ಬಾಡಿಗೆ ವಸೂಲಿ, ಬ್ಯಾಂಕಿನ ವ್ಯವಹಾರ, ವಕೀಲರ ನೇಮಕ, ರಾಜಿ, ಅಡಮಾನ, ಕ್ರಯ. ಕಂದಾಯ ಕಟ್ಟುವ ಸಣ್ಣ ಕೆಲಸವೂ ಮನೆ ಮಾರುವ ದೊಡ್ಡ ಕೆಲಸವೂ ಒಂದೇ ಉಸಿರಿನಲ್ಲಿ, ಒಂದೇ ತೂಕದಲ್ಲಿ ಬಂದುಹೋಗುತ್ತವೆ. ಕೊನೆಗೆ, ಸದರಿಯವರು ಮಾಡುವ ಎಲ್ಲವನ್ನೂ ನಾನೇ ಖುದ್ದಾಗಿ ಮಾಡಿದಂತೆ ಒಪ್ಪಿರುತ್ತೇನೆ ಎಂಬ ಮಾತು. ಮೊದಲಿನಿಂದ ಕೊನೆಯವರೆಗೆ ‘ನಾನು’ ಎನ್ನುವ ಈ ಪತ್ರದಲ್ಲಿ ಆ ‘ನಾನು’ ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ನನ್ನ ತಾಯಿ. ಊರಿನ ಮನೆಯ ಬಾಡಿಗೆ, ಕಂದಾಯ ನೋಡಿಕೊಳ್ಳಲೆಂದು ನನ್ನ ಹೆಸರಿಗೆ ಪತ್ರ ಮಾಡಿಸಲು ಹೊರಟಿದ್ದೆವು. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದ ಅಮ್ಮ ಕೇಳಿದರು: “ಎಲ್ಲಾ ನೀನೇ ಮಾಡಬಹುದು ಅಂತ ಬರೆದಿದೆ. ನಾನು ಕೇಳಿದಾಗ ನೀನು ಲೆಕ್ಕ ಹೇಳಬೇಕು ಅಂತ ಎಲ್ಲಿ ಬರೆದಿದೆ?” ಎಲ್ಲೂ ಬರೆದಿರಲಿಲ್ಲ. ಸ್ವಂತ ಮಗನಿಗೆ ಅದನ್ನೆಲ್ಲ ಯಾಕೆ ಬರೆಯುವುದು ಎಂದು ಬರಹಗಾರರು ಸಂಕೋಚಪಟ್ಟರು. ಅಮ್ಮ ಬಿಡಲಿಲ್ಲ. ಮಾರುವ, ಅಡವಿಡುವ ಅಧಿಕಾರವನ್ನು ಹೊಡೆಸಿಹಾಕಿದರು. ಪ್ರತಿ ತಿಂಗಳು ಲೆಕ್ಕ ಒಪ್ಪಿಸತಕ್ಕದ್ದು ಎಂಬ ಸಾಲು ಸೇರಿಸಿದ ಮೇಲೆಯೇ ಸಹಿ ಹಾಕಿದ್ದು.

ಅಮ್ಮ ಕೇಳಿದ್ದು ಕಾನೂನಿಗೆ ಹೊಸದೇನಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಮಿನ ಪ್ರಕಾರ, ಅಧಿಕಾರ ಪಡೆದವರು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಲೇಬೇಕು. ಪತ್ರ ಕೊಟ್ಟವರಿಗೆ ತಿಳಿಸದೆ ಅವರ ಆಸ್ತಿಯನ್ನು ತಾವೇ ಕೊಂಡುಕೊಳ್ಳುವಂಥ ವ್ಯವಹಾರಕ್ಕೂ ಅದೇ ಕಾಯ್ದೆಯಲ್ಲಿ ತಡೆ ಇದೆ. ಆದರೆ ನಮ್ಮ ಮಾದರಿ ಪತ್ರ ಅಧಿಕಾರಗಳನ್ನೆಲ್ಲ ಬಿಡಿಸಿ ಹೇಳಿ, ಹೊಣೆಗಳ ಬಗ್ಗೆ ಮೌನವಾಗಿಬಿಡುತ್ತದೆ. ಸಹಿ ಹಾಕುವ ಮುದುಕಿಯ ಕೈಗೆ ಸಿಗುವುದು ಕಾಯ್ದೆಯ ಪುಸ್ತಕವಲ್ಲ, ಈ ಪತ್ರ. ಇದರಲ್ಲಿ ಇಲ್ಲದ ಹಕ್ಕು ತನಗೆ ಇದೆಯೆಂದು ಅವಳಿಗೆ ತಿಳಿಯುವುದಾದರೂ ಹೇಗೆ?

ಈ ಮೌನದ ಲಾಭವನ್ನು ಬೆಂಗಳೂರಿನ ನಿವೇಶನಗಳ ಪೇಟೆ ಚೆನ್ನಾಗಿ ಪಡೆಯಿತು. ಬಿಡಿಎ ನಿವೇಶನವನ್ನು ಹತ್ತು ವರ್ಷ ಮಾರುವಂತಿಲ್ಲವೆಂಬ ಷರತ್ತು ಇದ್ದಾಗ, ರೆವಿನ್ಯೂ ಸೈಟಿಗೆ ಕ್ರಯಪತ್ರ ಆಗದಿದ್ದಾಗ, ಜನ ಹಿಡಿದ ದಾರಿ ಒಂದೇ: ಒಂದು ಕರಾರು, ಒಂದು ಜಿಪಿಎ, ಜೊತೆಗೊಂದು ವಿಲ್. ದುಡ್ಡು ಕೈ ಬದಲಾಯಿಸಿತು, ಒಡೆತನ ಮಾತ್ರ ಕಾಗದದ ಮೇಲೆ ಇದ್ದಲ್ಲೇ ಇತ್ತು. 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತೆರೆ ಎಳೆಯಿತು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರಿದ್ದ ಪೀಠ, ಇಂಥ ಪತ್ರಗಳಿಂದ ಸ್ಥಿರಾಸ್ತಿಯ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸ್ಪಷ್ಟಪಡಿಸಿತು. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ವ್ಯವಹಾರ ನೋಡಿಕೊಳ್ಳಲು ಪ್ರಾಮಾಣಿಕವಾಗಿ ಕೊಟ್ಟ ಅಧಿಕಾರ ಪತ್ರಗಳಿಗೆ ಇದರಿಂದ ಬಾಧಕವಿಲ್ಲವೆಂದೂ ಅದೇ ತೀರ್ಪು ಹೇಳಿತು. ಪರರ ಪರವಾಗಿ ನಡೆಯುವುದೇ ಈ ಪತ್ರದ ಸ್ವಭಾವ. ಅದನ್ನು ಮಾರಾಟದ ಮುಖವಾಡವಾಗಿ ಬಳಸಿದ್ದು ನಾವು.

ರದ್ದುಪಡಿಸಲಾಗದ ಪತ್ರ ಎಂದು ತಲೆಬರಹ ಹಾಕಿಸುವ ರೂಢಿಯೂ ಆ ಪೇಟೆಯದೇ. ಹಾಗೆ ಬರೆದ ಮಾತ್ರಕ್ಕೆ ಪತ್ರ ರದ್ದಾಗದೆ ಉಳಿಯುವುದಿಲ್ಲ. ಆ ಆಸ್ತಿಯಲ್ಲಿ ಅಧಿಕಾರ ಪಡೆದವರಿಗೆ ನಿಜವಾದ ಹಿತಾಸಕ್ತಿ ಇದ್ದರಷ್ಟೇ ಕರಾರು ಕಾಯ್ದೆಯ 202ನೇ ಕಲಂ ಅವರನ್ನು ಕಾಯುತ್ತದೆ. ಉಳಿದಂತೆ ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಆದರೆ ಮನೆಯಲ್ಲಿ ಕೂತು ಪತ್ರ ಹರಿದರೆ ಸಾಲದು. ಅಧಿಕಾರ ಪಡೆದವರಿಗೂ ಬ್ಯಾಂಕು, ಬಾಡಿಗೆದಾರರಂಥ ಹೊರಗಿನವರಿಗೂ ವಿಷಯ ಮುಟ್ಟಬೇಕು. ಮುಟ್ಟುವವರೆಗೆ ಅವರ ಪಾಲಿಗೆ ಪತ್ರಕ್ಕೆ ಜೀವವಿರುತ್ತದೆ. ಇಷ್ಟು ಮುಖ್ಯವಾದ ಈ ವಿಷಯಕ್ಕೂ ನಮ್ಮ ಮಾದರಿಯಲ್ಲಿ ಒಂದು ಸಾಲಿನ ಜಾಗವಿಲ್ಲ.

ವಿದೇಶದಲ್ಲಿರುವ ಕನ್ನಡಿಗರು ಊರಿನ ಅಪ್ಪನಿಗೋ ತಮ್ಮನಿಗೋ ಕಳಿಸುವ ಪತ್ರಗಳು ಈ ದೃಷ್ಟಿಯಿಂದ ಎಷ್ಟೋ ಮೇಲು. ನೋಂದಣಿಯ ಕೆಲಸಕ್ಕೆ ಬೇಕಾದ ಪತ್ರವಾದರೆ ಅಲ್ಲಿನ ನೋಟರಿಯ ಅಥವಾ ಭಾರತದ ಕಾನ್ಸಲ್ ಕಚೇರಿಯ ಎದುರು ಸಹಿ ಆಗಬೇಕು. ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಇಷ್ಟು ಓಡಾಟ ಇರುವುದರಿಂದ ಯಾವ ಸೈಟು, ಯಾವ ಕೆಲಸ ಎಂದು ಖಚಿತವಾಗಿ ಬರೆಸುವವರೇ ಹೆಚ್ಚು. ದೂರ ಇರುವವರು ತೋರಿಸುವ ಈ ಎಚ್ಚರವನ್ನು ಒಂದೇ ಸೂರಿನಡಿ ಇರುವವರು ತೋರಿಸುವುದಿಲ್ಲ. ಹತ್ತಿರದವರ ಮುಂದೆ ಷರತ್ತು ಹಾಕುವುದೇ ಅನುಮಾನ ಎಂಬ ದಾಕ್ಷಿಣ್ಯ ನಮ್ಮನ್ನು ಕಟ್ಟಿಹಾಕುತ್ತದೆ.

ಇವೆಲ್ಲ ಒಕ್ಕಣೆಯ ದೋಷಗಳು. ಬರೆಸುವವರು ಮನಸ್ಸು ಮಾಡಿದರೆ ತಿದ್ದಬಹುದು. ತಿದ್ದಲಾಗದ ದೋಷ ಕಾನೂನಿನಲ್ಲೇ ಇದೆ. ಕರಾರು ಕಾಯ್ದೆಯ 201ನೇ ಕಲಮಿನಂತೆ, ಕೊಟ್ಟವರು ತೀರಿಕೊಂಡರೂ ಅವರ ಬುದ್ಧಿ ಸ್ಥಿಮಿತ ಕಳೆದುಕೊಂಡರೂ ಅಧಿಕಾರ ಕೊನೆಗೊಳ್ಳುತ್ತದೆ. ಸತ್ತ ಮೇಲೆ ಮುಗಿಯುವುದು ನ್ಯಾಯವೇ, ಅಲ್ಲಿಂದ ಮುಂದೆ ವಿಲ್ ಇದೆ, ವಾರಸುದಾರರಿದ್ದಾರೆ. ಆದರೆ ಡಿಮೆನ್ಷಿಯಾ ಬಂದ ತಾಯಿ ಬದುಕಿರುತ್ತಾಳೆ. ಅವಳಿಗೆ ಔಷಧಿ ಬೇಕು, ನೋಡಿಕೊಳ್ಳುವವರ ಸಂಬಳ ಹೊಂದಿಸಬೇಕು. ದುಡ್ಡು ಅವಳದೇ ಖಾತೆಯಲ್ಲಿ ಇರುತ್ತದೆ. ಯಾವ ದಿನಕ್ಕಾಗಿ ಪತ್ರ ಮಾಡಿಸಿದರೋ ಆ ದಿನವೇ ಪತ್ರ ಬಿದ್ದುಹೋಗುತ್ತದೆ.

ಬೇರೆ ದಾರಿಗಳೂ ಕಿರಿದಾಗಿವೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಕಾಯಿಲೆಯಾದವರ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯದ ಮೂಲಕ ವ್ಯವಸ್ಥೆ ಮಾಡುವ ಒಂದು ಅಧ್ಯಾಯವಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ಪ್ರತಿನಿಧಿಯನ್ನು ಹೆಸರಿಸುವ ಹಕ್ಕು ಕೊಟ್ಟಿತು, ಆಸ್ತಿಯ ಅಧ್ಯಾಯವನ್ನು ಕೈಬಿಟ್ಟಿತು. ಹೀಗಾಗಿ ಎಷ್ಟೋ ಕುಟುಂಬಗಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗಿದೆ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸುವ ಬಗ್ಗೆ 2019ರಲ್ಲಿ ಕೇರಳ ಹೈಕೋರ್ಟ್ ತಾನೇ ಮಾರ್ಗಸೂಚಿ ಬರೆಯಬೇಕಾಗಿ ಬಂತು.

ನಮ್ಮ ಈ ಕಾನೂನಿನ ಬೇರು ಇಂಗ್ಲೆಂಡಿನದು. ಆದರೆ ಆ ದೇಶ 1985ರಲ್ಲೇ, ಬುದ್ಧಿ ಮಂಕಾದ ಮೇಲೂ ಬಾಳುವ ಅಧಿಕಾರ ಪತ್ರಕ್ಕೆ ಕಾಯ್ದೆ ಮಾಡಿಕೊಂಡಿತು. 2005ರ ಕಾಯ್ದೆಯಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು: ಸಹಿ ಮಾಡುವವರಿಗೆ ವಿಷಯ ಅರ್ಥವಾಗಿದೆ, ಯಾರ ಒತ್ತಡವೂ ಇಲ್ಲ ಎಂದು ಮೂರನೆಯವರೊಬ್ಬರು ಪ್ರಮಾಣೀಕರಿಸಬೇಕು, ಬಳಸುವ ಮೊದಲು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು, ದೂರು ಬಂದರೆ ಆ ಕಚೇರಿ ವಿಚಾರಿಸುತ್ತದೆ. ಅಲ್ಲಿಯೂ ಮೋಸ ನಿಂತಿಲ್ಲ. ಆದರೆ ಕೇಳುವ ಬಾಯಿ ಸುಮ್ಮನಾದ ಮೇಲೂ ಪರವಾಗಿ ಕೇಳುವವರೊಬ್ಬರು ಅಲ್ಲಿದ್ದಾರೆ. ನಾವು ಅವರಿಂದ ಪತ್ರವನ್ನು ಪಡೆದೆವು, ಅದರ ಕಾವಲನ್ನು ಇನ್ನೂ ಪಡೆದಿಲ್ಲ.

ಈ ಪತ್ರವೇ ಬೇಡ ಎನ್ನಲಾರೆ. ಮೊಣಕಾಲು ನೋವಿನ ಹಿರಿಯರನ್ನು ಕಚೇರಿಯಿಂದ ಕಚೇರಿಗೆ ಅಲೆಸದಂತೆ ಕಾಯ್ದ ಉಪಕಾರ ಇದಕ್ಕಿದೆ. ಆದರೆ ಈಗ ಚಾಲ್ತಿಯಲ್ಲಿರುವ ಮಾದರಿ ಕೆಟ್ಟ ಬರವಣಿಗೆ. ಬೇಕಾದ ಕೆಲಸ, ನಿಗದಿಯಾದ ಅವಧಿ, ಲೆಕ್ಕದ ಷರತ್ತು, ಲೆಕ್ಕ ನೋಡುವ ಇನ್ನೊಬ್ಬರ ಹೆಸರು, ರದ್ದು ಮಾಡುವ ಕ್ರಮ, ಇಷ್ಟು ಇದ್ದರೆ ಮಾತ್ರ ಅದು ಕೊಟ್ಟವರ ಪತ್ರವಾಗುತ್ತದೆ. ಮರೆವಿನ ಮುಂದೆಯೂ ನಿಲ್ಲುವ, ಕಾವಲಿರುವ ಒಂದು ಪತ್ರವನ್ನು ಸಂಸತ್ತು ನಮಗೆ ಕೊಡಬೇಕು.

ಅಮ್ಮನಿಗೆ ಈಗ ಬಾಡಿಗೆದಾರರ ಹೆಸರು ನೆನಪಿಲ್ಲ. ಮರೆವು ತಾರೀಖು ಹಾಕಿಕೊಂಡು ಬರಲಿಲ್ಲ, ಆದ್ದರಿಂದ ನನ್ನ ಅಧಿಕಾರ ಯಾವ ದಿನ ಮುಗಿಯಿತೆಂದು ಯಾರೂ ಹೇಳಲಾರರು. ಆ ಪತ್ರವನ್ನು ಬಳಸುವುದನ್ನು ನಿಲ್ಲಿಸಿದ್ದೇನೆ. ಲೆಕ್ಕದ ಪುಸ್ತಕವನ್ನು ಮಾತ್ರ ತಿಂಗಳ ಮೊದಲ ದಿನ ಅವರ ಪಕ್ಕ ಕೂತು ಓದುತ್ತೇನೆ. ಅದು ಅವರು ಬರೆಸಿದ ಸಾಲು.